ಶಹ ಬಿದ್ದ ಮೇಲೆ ಹಾರಿದ ರಾಜ

ಸಂತೆಯಲ್ಲಿ ಬದನೆಕಾಯಿಯನ್ನು ತಿರುವಿ ತಿರುವಿ ನೋಡದೆ ಚೀಲಕ್ಕೆ ಹಾಕಿದವಳಲ್ಲ ನಾನು. ಯಾರಾದರೂ ಸುಮ್ಮನೆ ಹೊಗಳಿದರೆ ಇವರಿಗೇನು ಬೇಕಾಗಿದೆಯಪ್ಪಾ ಎಂದೇ ಮೊದಲು ಯೋಚಿಸುತ್ತೇನೆ. ಇಂಥವಳ ತಲೆಯನ್ನು ಮದುವೆಯಾದಾಗಿನಿಂದ ಒಂದು ವಿಷಯ ಕೊರೆಯುತ್ತಿತ್ತು. ಬಸವಕಲ್ಯಾಣದ ನನ್ನ ಅಪ್ಪನಿಗೂ ಹುಮನಾಬಾದಿನ ನನ್ನ ಮಾವನಿಗೂ ಚದುರಂಗವೆಂದರೆ ಪ್ರಾಣ. ನನ್ನನ್ನು ನೋಡಲು ಬಂದ ದಿನ ಇಬ್ಬರೂ ಮಣೆಯೆದುರು ಕುಳಿತಿದ್ದರು. ನಾನು ಚೂಡಾ, ಚಹಾ ತರುವಷ್ಟರಲ್ಲಿ ಮಾವ "ಬಸ್ಸಿನ ಹೊತ್ತಾತ್ರಿ" ಎಂದು ಅರ್ಧ ಆಟಕ್ಕೇ ಎದ್ದುಬಿಟ್ಟರು. ಮದುವೆಯೇನೋ ಆಯಿತು. ಆದರೆ ಬೀಗರಿಬ್ಬರೂ ಮತ್ತೆಂದೂ ಒಂದೇ ಮಣೆಗೆ ಕೂರಲಿಲ್ಲ. ಹಬ್ಬಕ್ಕೆ ಸೇರಿದರೂ ಮಳೆ, ತೊಗರಿ, ಬಸ್ಸಿನ ಮಾತು ಅಷ್ಟೇ. ನಮ್ಮ ಮನೆಯಿಂದ ಏನು ತಪ್ಪಾಯಿತೋ ಎಂದು ನನಗೆ ಒಳಗೊಳಗೇ ನೋವು.

ಮಾವನದು ಹಗ್ಗ, ಮೂಗುದಾರ, ದನದ ಗಂಟೆ ಮಾರುವ ಅಂಗಡಿ. ಮಧ್ಯಾಹ್ನ ಅವರ ಜೊತೆ ಆಡುತ್ತಿದ್ದ ಪಕ್ಕದ ಅಂಗಡಿಯವರು ಚಿಟಗುಪ್ಪಕ್ಕೆ ಹೋಗಿ ನೆಲೆಸಿದ ಮೇಲೆ ಮಾವ ಒಬ್ಬರೇ ಆದರು. ಫೋನಿನಲ್ಲಿ ಆಟ ಹಾಕಿಕೊಟ್ಟೆ. ಮೊದಲ ನಡೆಗೇ ಫೋನು ನನ್ನ ಕೈಗೆ ವಾಪಸ್ ಬಂತು.

"ಪ್ಯಾದಾ ಒಮ್ಮೆಲೇ ಎರಡು ಮನಿ ಹ್ಯಾಂಗ ಹೋಗ್ತದವ್ವಾ? ಇದು ಮೋಸದ ಮಷೀನ ಅದ."

ನಮ್ಮ ಕಡೆ ಪ್ಯಾದಾ, ಅಂದರೆ ಕಾಲಾಳು, ಒಂದೊಂದೇ ಮನೆ ನಡೆಯುತ್ತದೆ. ರಾಜ ಇಡೀ ಆಟದಲ್ಲಿ ಒಮ್ಮೆ ಮಾತ್ರ ಕುದುರೆಯಂತೆ ಹಾರಬಹುದು. ಇದೆಲ್ಲ ಫೋನಿಗೆ ಎಲ್ಲಿಂದ ಗೊತ್ತಾಗಬೇಕು? ನಾನು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವಳು, ನಮ್ಮ ರೂಢಿಯ ಆಟವನ್ನು ನಾನೇ ಬರೆಯುತ್ತೇನೆ ಎಂದು ಹಟ ಹಿಡಿದೆ. ಅಪ್ಪನಿಂದ ಕಲಿತ ಆಟ, ನಿಯಮಕ್ಕಾಗಿ ಯಾರನ್ನೂ ಕೇಳಬೇಕಾಗಿರಲಿಲ್ಲ. ಅಪ್ಪನನ್ನು ಅವರೆದುರು ಕೂರಿಸಲಾಗದಿದ್ದರೆ ಯಂತ್ರವನ್ನಾದರೂ ಕೂರಿಸೋಣ ಎಂದುಕೊಂಡೆ.

ಮೊದಲು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದೆ. ಬರೆಯಲು ಸಲೀಸು, ಆದರೆ ಮಾವ ಗಿರಾಕಿಗೆ ಹಗ್ಗ ಅಳೆದು ಕೊಟ್ಟು ಬಂದರೂ ಅದು ಒಂದು ನಡೆಗೆ ಇನ್ನೂ ಯೋಚಿಸುತ್ತಲೇ ಇರುತ್ತಿತ್ತು. ಆಮೇಲೆ ರಸ್ಟ್ ಎಂಬ ಇನ್ನೊಂದು ಭಾಷೆ ಹಿಡಿದೆ. ನಾವು ಬರೆದದ್ದನ್ನು ಯಂತ್ರದ ಮಾತಿಗೆ ತಿರುಗಿಸುವ ಅದರ ಕಂಪೈಲರ್ ನನಗಿಂತ ಅನುಮಾನದ್ದು. ಇದು ಯಾರ ಸ್ವತ್ತು, ಯಾರಿಗೆ ಕೊಟ್ಟೆ, ಯಾವಾಗ ವಾಪಸ್ ಎಂದು ಸಾಲು ಸಾಲಿಗೂ ತಕರಾರು. ನಮ್ಮಿಬ್ಬರಿಗೂ ಹೊಂದಲಿಲ್ಲ. ಕೊನೆಗೆ ಸಿ ಭಾಷೆಗೆ ಬಂದೆ. ಅದು ಏನು ಹೇಳಿದರೂ ಹೂಂ ಎನ್ನುತ್ತದೆ, ನನಗೆ ದಿಗಿಲು ಹುಟ್ಟಿಸಿದ್ದೇ ಆ ಹೂಂ. ಕಂಪೈಲರ್ ಅಂದರೆ ಒಂಥರಾ ಅಡತಿಯ ದಲಾಲ. ನಾನು ಒಂದು ಹೇಳಿದರೆ ಅದು ಆ ಕಡೆ ಇನ್ನೇನು ಹೇಳುತ್ತದೋ ಯಾರು ಕಂಡರು? ಆದರೂ ವೇಗಕ್ಕೆ ಸೋತೆ.

ಒಂದು ಮಧ್ಯಾಹ್ನ ಗಲ್ಲಾದ ಮೇಲೆ ಲ್ಯಾಪ್‌ಟಾಪ್ ಇಟ್ಟು ಮಾವನನ್ನು ಕೂರಿಸಿದೆ. ಆಟ ರಂಗೇರಿತು. ಮಾವ ರಾಜನಿಗೇ ಗುರಿಯಿಟ್ಟು ಶಹ ಕೊಟ್ಟರು, ಯಂತ್ರದ ರಾಜ ಪಕ್ಕಕ್ಕೆ ಸರಿದ. ಇನ್ನೊಂದು ಶಹ ಕೊಟ್ಟರು, ಈ ಸಲ ರಾಜ ಕುದುರೆಯಂತೆ ಹಾರಿ ಪಾರಾದ. ಮಾವನ ಮುಖ ಗಂಟಿಕ್ಕಿತು.

"ಇದೂ ಧೋಕಾ ಕೊಡಾಕತ್ತದ," ಎಂದು ಗಲ್ಲಾ ಬಿಟ್ಟು ಎದ್ದರು. ಏನು ಧೋಕಾ ಎಂದು ಕೇಳಿದರೂ ಬಾಯಿ ಬಿಡಲಿಲ್ಲ.

ನನ್ನ ಅನುಮಾನ ನೇರ ಕಂಪೈಲರ್ ಮೇಲೆ ಹೋಯಿತು. ವೇಗಕ್ಕಾಗಿ ಅದು ನನ್ನ ಸಾಲುಗಳನ್ನು ಹಿಂದುಮುಂದು ಮಾಡಿರಬೇಕು. ಆ ಸೌಲಭ್ಯ ನಿಲ್ಲಿಸಿ ಅದೇ ಆಟ ನಡೆಸಿದೆ, ರಾಜ ಹಾರಿದ. ಬೇರೆ ಕಂಪೈಲರ್ ತಂದು ಹಾಕಿದೆ, ಆಗಲೂ ಹಾರಿದ. ಸಿಟ್ಟಿನಿಂದ ಹಳೆಯ ಪೈಥಾನ್ ಪ್ರೋಗ್ರಾಮನ್ನೇ ಹೊರಗೆಳೆದೆ. ಅದು ತೂಕಡಿಸಿ ತೂಕಡಿಸಿ, ಕೊನೆಗೆ ಅದೂ ಅದೇ ಮನೆಗೆ ರಾಜನನ್ನು ಹಾರಿಸಿತು. ಒಬ್ಬರ ಮುಖ ಒಬ್ಬರು ನೋಡದ ಸಾಕ್ಷಿಗಳೆಲ್ಲ ಒಂದೇ ಸುಳ್ಳು ಹೇಳುವುದುಂಟೇ? ಹಾಗಾದರೆ ಯಂತ್ರ ಸುಳ್ಳಾಡುತ್ತಿಲ್ಲ. ಲ್ಯಾಪ್‌ಟಾಪ್ ಎತ್ತಿಕೊಂಡು ಮತ್ತೆ ಅಂಗಡಿಗೆ ಹೋದೆ.

"ಮಾವಾರ, ಇದು ಮಾಡಿದ್ದ ತಪ್ಪರ ಏನು, ಬಾಯಿ ಬಿಟ್ಟು ಹೇಳ್ರಿ."

"ಒಮ್ಮೆ ಶಹ ಬಿದ್ದ ಮ್ಯಾಲ ಬಾದಶಾ ಹಾರಂಗಿಲ್ಲವ್ವಾ. ಹಾರೂ ಹಕ್ಕ ಹೋಗ್ತದ. ಕೂಸಿಗೂ ಗೊತ್ತದ."

"ನಮ್ಮ ಮನ್ಯಾಗ ಹಂಗಿಲ್ರಿ. ಎಷ್ಟು ಶಹ ಬಿದ್ರೂ ಒಂದ ಸಲ ಹಾರಬಹುದು. ಅಪ್ಪ ಹಂಗ ಕಲಿಸ್ಯಾನ."

ಮಾವ ಕೈಯಲ್ಲಿದ್ದ ಮೂಗುದಾರ ಕೆಳಗಿಟ್ಟರು.

"ಹಂಗಾದ್ರ ನಿನ್ನ ನೋಡಾಕ ಬಂದ ದಿನ ಬೀಗರು ಶಹ ಬಿದ್ದ ಮ್ಯಾಲ ಬಾದಶಾನ್ನ ಹಾರಿಸಿದ್ದು ಮೋಸ ಅಲ್ಲೇನು?"

ನನ್ನ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ನನ್ನ ಅಪ್ಪನನ್ನು ಮೋಸಗಾರ ಎಂದುಕೊಂಡೇ ಅವನ ಮನೆಯ ಹೋಳಿಗೆ ಉಂಡರಲ್ಲ!

"ಅವತ್ತ ಕೇಳಬೇಕಿತ್ತಲ್ರಿ," ಎಂದೆ, ಧ್ವನಿ ಏರಿತ್ತು.

"ಹುಡುಗಿ ನೋಡಾಕ ಹೋದ ಮನ್ಯಾಗ ಬೀಗರಿಗೆ ಮೋಸ ಮಾಡಿದ್ರಿ ಅಂತ ಹ್ಯಾಂಗ ಕೇಳೂದವ್ವಾ? ಸಂಬಂಧ ಮುರೀತಿತ್ತು. ನೀ ನಮ್ಮನಿಗೆ ಬರ್ತಿದ್ದಿಲ್ಲ."

ನನ್ನ ಸಿಟ್ಟು ಪೂರ್ತಿ ಇಳಿಯಲಿಲ್ಲ.

ಆ ಭಾನುವಾರ ಮಾವ ಮಣೆಯನ್ನು ಧೋತರದಲ್ಲಿ ಸುತ್ತಿಕೊಂಡು ನನ್ನ ಜೊತೆ ಬಸವಕಲ್ಯಾಣದ ಬಸ್ಸು ಹತ್ತಿದರು. ಅಪ್ಪನಿಗೆ ಆಶ್ಚರ್ಯವೋ ಆಶ್ಚರ್ಯ. ಕಾಯಿ ಜೋಡಿಸುವಾಗ ಮಾವ "ಆಟ ನಿಮ್ಮ ರೂಢಿದ ನಡೀಲ್ರಿ" ಎಂದರು. ಅಪ್ಪ ಶಹ ಕೊಟ್ಟ, ಮಾವ ರಾಜನನ್ನು ಸರಿಸಿದರು. ಅಪ್ಪ ಮತ್ತೆ ಕೊಟ್ಟ. ಮಾವ ರಾಜನನ್ನು ಎತ್ತಿ ಕುದುರೆಯಂತೆ ಹಾರಿಸಿ, ಅಪ್ಪನ ಮುಖ ನೋಡಿದರು.

"ಇದು ಮೋಸ ಅಲ್ಲ ಮತ್ತ, ಬೀಗರ."

"ಮೋಸ ಅಂತ ಅಂದವರ್ಯಾರ್ರಿ?" ಅಪ್ಪ ನಕ್ಕ. ನಗುತ್ತಲೇ ಮಾವನನ್ನೂ ನನ್ನನ್ನೂ ಒಮ್ಮೆ ನೋಡಿದ.

ಮಾವ ತಲೆ ತಗ್ಗಿಸಿ, "ನಡಿ ನಿಮ್ಮದ್ರಿ," ಎಂದು ಮಣೆ ತೋರಿಸಿದರು. ಆ ಹಳೆಯ ಅನುಮಾನ ನನ್ನ ಬಾಯಿಂದ ಜಾರುವ ಮೊದಲೇ, ಚಹಾ ತರುತ್ತೇನೆಂದು ನಾನು ಒಳಗೆ ಎದ್ದು ಹೋದೆ.