ಅಕ್ಕನಿಗೆ ಹೆರಿಗೆ ಡಾಕ್ಟರನ್ನು ಹುಡುಕಿದ ದಿನ

ನಾನು ಚಿಕ್ಕವಳಿದ್ದಾಗ, ಲಂಗದ ನೆರಿಗೆ ಎತ್ತಿ ಹಿಡಿದು ಓಣಿಯ ತುಂಬ ಓಡುತ್ತಿದ್ದ ವಯಸ್ಸಿನಲ್ಲಿ, ನಮ್ಮ ಮನೆ ಕುರುಗೋಡಿನ ಹತ್ತಿರದ ಒಂದು ಹಳ್ಳಿಯಲ್ಲಿತ್ತು. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮನೆಯಲ್ಲಿ ಇದ್ದವರು ಅಪ್ಪ, ಅಜ್ಜಿ ಮತ್ತು ನಾನು. ಅವ್ವ ನನ್ನನ್ನು ಹೆತ್ತ ಕೆಲವೇ ದಿನಗಳಲ್ಲಿ ತೀರಿಕೊಂಡಿದ್ದಳು. ನನ್ನನ್ನು ಎತ್ತಿ ಆಡಿಸಿ, ಎಣ್ಣೆ ಹಚ್ಚಿ, ಜಡೆ ಹಾಕಿ ಬೆಳೆಸಿದವಳು ಅಕ್ಕ. ಆಕೆಯನ್ನು ಸಿರುಗುಪ್ಪಕ್ಕೆ ಕೊಟ್ಟು ಮದುವೆ ಮಾಡಿದಾಗ ನಾನು ಊಟ ಬಿಟ್ಟು ಅತ್ತಿದ್ದೆನಂತೆ. ಹಾಗಾಗಿ ಚೊಚ್ಚಲ ಬಸುರಿಯಾಗಿ ಅಕ್ಕ ತವರಿಗೆ ಬಂದಾಗ ನನಗೆ ಹಬ್ಬವೇ ಆಯಿತು. ರಾತ್ರಿ ಆಕೆಯ ಪಕ್ಕದಲ್ಲೇ ನನ್ನ ಹಾಸಿಗೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ಒಳಗಿನ ಮಗು ಒದೆಯುತ್ತಿತ್ತು. ಅದು ನನಗೇ ಒದೆಯುತ್ತಿದೆ ಎಂದು ನಾನು ನಗುತ್ತಿದ್ದೆ.

ಆದರೆ ಸಂಕ್ರಾಂತಿಗೆ ಮೊದಲೇ ಅಕ್ಕನ ಪಾದಗಳು ಬಾತುಕೊಳ್ಳತೊಡಗಿದ್ದವು. ಕಾಲುಂಗುರಗಳು ಬೆರಳಿನ ಮಾಂಸದಲ್ಲಿ ಹೂತುಹೋದಂತೆ ಕಾಣುತ್ತಿದ್ದವು. ಆಮೇಲೆ ಕೈ ಬಾತಿತು, ಮುಖವೂ ಬಾತಿತು. ಅಜ್ಜಿ ಬಿಸಿನೀರು ಕಾಸಿ ಹಾಕಿ, ಮೊದಲ ಬಸುರಿನಲ್ಲಿ ಬಾವು ಬಂದೇ ಬರುತ್ತದೆ ಎಂದು ಸಮಾಧಾನ ಹೇಳುತ್ತಿದ್ದಳು. ಅಪ್ಪನಿಗೆ ಇದೊಂದೂ ಗೊತ್ತಿರಲಿಲ್ಲ. ಆ ಕಾಲದಲ್ಲಿ ಬಸುರಿ ಎಂಬ ಮಾತನ್ನೇ ನಮ್ಮ ಮನೆಯಲ್ಲಿ ಅಪ್ಪನ ಎದುರು ಯಾರೂ ಆಡುತ್ತಿರಲಿಲ್ಲ. ಅಪ್ಪ ಒಳಗೆ ಬಂದರೆ ಅಕ್ಕ ಸೆರಗು ಹೊದ್ದು ಗೋಡೆಯ ಕಡೆ ತಿರುಗುತ್ತಿದ್ದಳು.

ಆ ದಿನ ಬೆಳಿಗ್ಗೆ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕಿದ್ದರು. ಬಿಸಿಲು ಏರಿದಂತೆ ಅದರ ಘಾಟು ಪಡಸಾಲೆಗೂ ಬರುತ್ತಿತ್ತು. ಅಕ್ಕ ಹುಟ್ಟಲಿರುವ ಮಗುವಿಗೆಂದು ಹಳೆಯ ಸೀರೆಗಳ ಕೌದಿ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಲು ಮತ್ತೆ ಮತ್ತೆ ಪ್ರಯತ್ನಪಟ್ಟು ಕೊನೆಗೆ ನನ್ನ ಕೈಗೆ ಕೊಟ್ಟಳು.

"ನೀನ ಪೋಣಿಸಿ ಕೊಡು. ನಂಗ ಎಲ್ಡು ಸೂಜಿ ಕಾಣ್ತಾವ. ತಲಿ ಸಿಡ್ಯಾಕತ್ತೈತಿ" ಎಂದಳು. ನಾನು ಗಾಬರಿಯಿಂದ ನೋಡಿದ್ದು ಕಂಡು, "ಅಪ್ಪಗ ಹೇಳಬ್ಯಾಡ ಮತ್ತ. ಹೆಂಗಸರ ಮಾತು ಗಂಡಸರಿಗೆ ಯಾಕ" ಎಂದಳು.

ನಾನು ದಾರ ಪೋಣಿಸಲಿಲ್ಲ. ಎದ್ದು ಹಿತ್ತಲಿಗೆ ಓಡಿದೆ. ಅಪ್ಪ ಹತ್ತಿಯನ್ನು ಚೀಲಕ್ಕೆ ತುಂಬಿ ಕಾಲಿನಿಂದ ತುಳಿಯುತ್ತಿದ್ದ. ಅಕ್ಕನ ಬಾವು, ತಲೆನೋವು, ಎರಡಾಗಿ ಕಾಣುವ ಸೂಜಿ, ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟೆ. ಅಪ್ಪ ಚೀಲದಿಂದ ಇಳಿದು, ಮೈಗೆ ಹತ್ತಿದ್ದ ಹತ್ತಿಯನ್ನೂ ಕೊಡವದೆ ಒಳಗೆ ಬಂದ. ಅಕ್ಕ ಸೆರಗು ಎಳೆದುಕೊಳ್ಳುವಷ್ಟರಲ್ಲಿ ಆಕೆಯ ಕಾಲ ಬಳಿ ಕುಕ್ಕರಗಾಲಲ್ಲಿ ಕೂತು ಮೊಣಕಾಲ ಕೆಳಗೆ ಹೆಬ್ಬೆರಳಿನಿಂದ ಒತ್ತಿದ. ಒತ್ತಿದ ಕಡೆ ಕುಳಿ ಬಿದ್ದದ್ದು ಹಾಗೆಯೇ ಉಳಿಯಿತು. ಅಪ್ಪನ ಮುಖ ಬೂದಿ ಬಣ್ಣಕ್ಕೆ ತಿರುಗಿತು. ಆಳಿಗೆ ಬಂಡಿ ಕಟ್ಟಲು ಹೇಳಿ ಅಂಗಿ ತೊಟ್ಟುಕೊಂಡ. ಅಜ್ಜಿಗೆ ದೂರ ನಡೆಯಲು ಆಗುತ್ತಿರಲಿಲ್ಲ. ಹೆಣ್ಣು ಜೀವ ಒಂದು ಜೊತೆಗೆ ಬೇಕೆಂದು ನನ್ನನ್ನು ಬಂಡಿಯಲ್ಲಿ ಅಕ್ಕನ ಪಕ್ಕ ಕೂರಿಸಿದರು.

ಕುರುಗೋಡಿನ ಆಸ್ಪತ್ರೆಯಲ್ಲಿ ಇದ್ದವರು ಒಬ್ಬ ಗಂಡಸು ಡಾಕ್ಟರು. ಅಕ್ಕ ಮುಖ ತಿರುಗಿಸಿಕೊಂಡು ಕೈಯೊಂದನ್ನೇ ಮುಂದೆ ಚಾಚಿದಳು. ಅವರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹಾಕಿ, ಪಾದರಸ ಇಳಿಯುವುದನ್ನು ನೋಡಿದರು. ನಂಬಿಕೆ ಬಾರದೆ ಇನ್ನೊಮ್ಮೆ ನೋಡಿದರು.

"ರಕ್ತದ ಒತ್ತಡ ಭಾಳ ಏರೈತಿ. ಇದು ನನ್ನ ಕೈಲೆ ಆಗೂದಲ್ಲ. ಬಳ್ಳಾರಿಗೆ ಹೋಗ್ರಿ, ಹೆರಿಗಿ ಡಾಕ್ಟ್ರ ನೋಡಬೇಕು" ಎಂದರು. ಅಪ್ಪ ನಾಳೆ ಬೆಳಿಗ್ಗೆ ಹೋದರೆ ನಡೆದೀತೇ ಎಂದು ಕೇಳಿದ. "ನಾಳಿ ಅನ್ನಬ್ಯಾಡ್ರಿ. ಈಗ ಹೋಗ್ರಿ" ಎಂದರು.

ಬಸ್ಸು ಆಗಷ್ಟೇ ಹೋಗಿತ್ತು. ಸಿರುಗುಪ್ಪದ ಕಡೆಯಿಂದ ಭತ್ತದ ಲಾರಿಯೊಂದು ಬಂತು. ಅಪ್ಪ ರಸ್ತೆಯ ನಡುವೆ ನಿಂತು ಎರಡೂ ಕೈ ಎತ್ತಿದ. ಡ್ರೈವರ್ ಬೈಯಲೆಂದು ತಲೆ ಹೊರಗೆ ಹಾಕಿದವನು ಅಕ್ಕನನ್ನು ನೋಡಿ ಬಾಗಿಲು ತೆಗೆದ. "ಬರ್ರಿ ಬೆಹನ್, ಮುಂದ ಕುಂದರ್ರಿ" ಎಂದು ತಾನು ಕೂರುವ ದಿಂಬನ್ನೇ ತೆಗೆದು ಆಕೆಯ ಬೆನ್ನಿಗೆ ಕೊಟ್ಟ. ದಾರಿಯುದ್ದಕ್ಕೂ ತಗ್ಗು ಬಂದಾಗಲೆಲ್ಲ ಲಾರಿಯನ್ನು ಆಮೆಯ ಹಾಗೆ ನಡೆಸಿದ. ಡೀಸೆಲ್ ವಾಸನೆ, ಭತ್ತದ ದೂಳು, ಇಂಜಿನ್ನಿನ ಬಿಸಿ. ಅಕ್ಕ ಕಣ್ಣು ಮುಚ್ಚಿ ನನ್ನ ಕೈ ಹಿಡಿದುಕೊಂಡಿದ್ದಳು. ಆಕೆಯ ಬೆರಳುಗಳು ತಣ್ಣಗಿದ್ದವು. ಕೊಳಗಲ್ಲು ದಾಟಿದ ಮೇಲೆ ದೂರದಲ್ಲಿ ಬಳ್ಳಾರಿಯ ಕೋಟೆ ಗುಡ್ಡ ಕಾಣಿಸಿತು. ನಾನು ಅದನ್ನು ನೋಡಿದ್ದು ಅದೇ ಮೊದಲು. ನೋಡು ಎಂದು ಅಕ್ಕನನ್ನು ಅಲ್ಲಾಡಿಸಿದೆ. "ಎಲ್ಲಾ ಮಬ್ಬು ಐತವ್ವಾ" ಎಂದಳು.

ಬಳ್ಳಾರಿಯಲ್ಲಿ ದೊಡ್ಡಾಸ್ಪತ್ರೆ ಇರುವುದು ಅಪ್ಪನಿಗೆ ಗೊತ್ತಿತ್ತು. ಆದರೂ ಅಲ್ಲಿಗೆ ನೇರ ಹೋಗಲಿಲ್ಲ. ಅದಕ್ಕೊಂದು ಕಾರಣವಿತ್ತು. ಸೀಮಂತದ ದಿನ ಅಕ್ಕನ ಅತ್ತೆ ಎಲ್ಲರ ಮುಂದೆ, ನಮ್ಮ ಸೊಸೆಯ ಹೆರಿಗೆಗೆ ಗಂಡಸು ಡಾಕ್ಟರ ಕೈ ತಾಗಕೂಡದು ಎಂದಿದ್ದಳು. ಅಪ್ಪ ಆಗಲಿ ಎಂದು ತಲೆ ಆಡಿಸಿದ್ದ. ಹಾಗಾಗಿ ಲಾರಿಯಿಂದ ಇಳಿದು ಜಟಕಾ ಹತ್ತಿದವನೇ, "ಲೇಡಿ ಡಾಕ್ಟ್ರ ಮನಿ ಎಲ್ಲೈತಿ, ಅಲ್ಲಿಗೆ ನಡಿ" ಎಂದ.

ಜಟಕಾದವನು ಒಂದು ಬೀದಿಗೆ ಕರೆದೊಯ್ದ. ಕಬ್ಬಿಣದ ಗೇಟಿಗೆ ಬೀಗ ಹಾಕಿತ್ತು. ಪಕ್ಕದ ಮನೆಯ ಮುದುಕಿ ತೆಲುಗಿನಲ್ಲಿ, ಡಾಕ್ಟರಮ್ಮ ಆದೋನಿಗೆ ಹೋಗಿದ್ದಾರೆ, ನಾಡಿದ್ದು ಬರುತ್ತಾರೆ ಎಂದಳು. ಅಪ್ಪ ಬೀಗವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತ, ಎಳೆದರೆ ಬಂದೀತು ಎನ್ನುವ ಹಾಗೆ. ಬ್ರೂಸ್ ಪೇಟೆಯ ಕಡೆ ಇನ್ನೊಬ್ಬ ಲೇಡಿ ಡಾಕ್ಟರ್ ಇದ್ದಾರೆಂದು ಯಾರೋ ಹೇಳಿದರು. ನೆತ್ತಿಯ ಮೇಲೆ ಬಿಸಿಲು. ಬಂಡೆಗಳ ಊರು ಅದು, ಕಾವು ಮೇಲಿನಿಂದಲೂ ಬರುತ್ತಿತ್ತು, ಕೆಳಗಿನಿಂದಲೂ ಬರುತ್ತಿತ್ತು. ಜಟಕಾದಲ್ಲಿ ಅಕ್ಕ ವಾಂತಿ ಮಾಡಿಕೊಂಡಳು. ನಾನು ನನ್ನ ಲಂಗದಿಂದಲೇ ಆಕೆಯ ಬಾಯಿ ಒರೆಸಿದೆ.

ಆ ಡಾಕ್ಟರಮ್ಮ ಊಟಕ್ಕೆ ಕೂತಿದ್ದವರು ಎದ್ದು ಬಂದರು. ಬಿಳಿ ಸೀರೆ, ದಪ್ಪ ಕನ್ನಡಕ. ಅಪ್ಪ ಕೈ ಮುಗಿದು ಬಂದ ಕೆಲಸ ಹೇಳಿದ. ಅವರು ತಲೆ ಅಲ್ಲಾಡಿಸಿದರು. "ನಾನು ಕಣ್ಣಿನ ಡಾಕ್ಟರು. ಹೆರಿಗೆ ನನಗೆ ಬರೋದಿಲ್ಲ" ಎಂದರು. ಹೆಂಗಸು ಡಾಕ್ಟರು ಎಂದರೆ ಹೆರಿಗೆ ಡಾಕ್ಟರೇ ಎಂದು ತಿಳಿದಿದ್ದ ನಮಗೆ ಆ ಮಾತು ಅರ್ಥವಾಗಲೇ ಸ್ವಲ್ಪ ಹೊತ್ತು ಹಿಡಿಯಿತು. ಆದರೆ ಅವರು ನಮ್ಮನ್ನು ಕಳಿಸಿಬಿಡಲಿಲ್ಲ. ಅಕ್ಕನಿಗೆ ಎರಡೆರಡು ಕಾಣುತ್ತದೆ ಎಂದು ನಾನು ಹೇಳಿದ ಕೂಡಲೇ ಆಕೆಯನ್ನು ಒಳಗೆ ಮಲಗಿಸಿ, ಸಣ್ಣ ದೀಪವೊಂದನ್ನು ಹಿಡಿದು ಕಣ್ಣಿನೊಳಗೆ ನೋಡಿದರು. ನೋಡಿ ಎದ್ದಾಗ ಅವರ ದನಿ ಬದಲಾಗಿತ್ತು.

"ರಕ್ತದ ಒತ್ತಡ ಕಣ್ಣಿಗೂ ತಟ್ಟಿದೆ. ಇನ್ನು ಎಲ್ಲೂ ಹುಡುಕಬೇಡ್ರಿ. ದೊಡ್ಡಾಸ್ಪತ್ರೆಗೆ ಹೋಗ್ರಿ. ಅಲ್ಲಿ ಹೆರಿಗೆ ಡಾಕ್ಟರು ಇದ್ದಾರೆ. ಗಂಡಸರು, ಆದರೆ ಈ ಕೆಲಸ ಕಲಿತವರು."

ಅಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. "ಬೀಗರಿಗೆ ಮಾತು ಕೊಟ್ಟೀನಿ ತಾಯಿ" ಎಂದ.

ಆಗ ಮಲಗಿದ್ದಲ್ಲಿಂದಲೇ ಅಕ್ಕ ಮಾತಾಡಿದಳು. ಅಪ್ಪನ ಎದುರು ಅಕ್ಕ ಅಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಅಪ್ಪಾ, ಗಂಡಸರಾದ್ರ ಆಗ್ಲಿ. ನಂಗ ಸಾಯಾಕ ಅಂಜಿಕಿ ಆಗೈತಿ."

ಅಪ್ಪ ರುಮಾಲನ್ನು ಹೆಗಲಿಗೆ ಹಾಕಿಕೊಂಡ. ಮಗುವನ್ನು ಎತ್ತುವ ಹಾಗೆ ಅಕ್ಕನನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಹೊರಗೆ ನಡೆದ. ಡಾಕ್ಟರಮ್ಮ ಅರ್ಧಕ್ಕೆ ಬಿಟ್ಟ ಊಟದ ಎಲೆಯ ಕಡೆ ನೋಡದೆ ನಮ್ಮ ಜೊತೆ ಜಟಕಾ ಹತ್ತಿದರು.

ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನ ಬಾಗಿಲಲ್ಲಿ ಅಪ್ಪನನ್ನು ತಡೆದರು. ಒಳಗೆ ಹೆಂಗಸರಿಗೆ ಮಾತ್ರ ಪ್ರವೇಶ. ಅಕ್ಕನ ಕೈ ಹಿಡಿದು ಒಳಗೆ ಹೋದವಳು ನಾನು. ಫಿನಾಯಿಲ್ ವಾಸನೆಗೆ ಕಣ್ಣಲ್ಲಿ ನೀರು ಬಂತು. ಕಣ್ಣಿನ ಡಾಕ್ಟರಮ್ಮ ಹೋಗಿ ಹೆರಿಗೆ ಡಾಕ್ಟರನ್ನು ಕರೆತಂದರು. ನರೆತ ಕೂದಲಿನ, ಮೆಲುದನಿಯ ಮನುಷ್ಯ. ಅವರು ಹತ್ತಿರ ಬರುವಷ್ಟರಲ್ಲೇ ಅಕ್ಕನ ಮೈ ಸೆಟೆದುಕೊಂಡಿತು. ಹಲ್ಲು ಕಚ್ಚಿಕೊಂಡವು, ಕಣ್ಣುಗುಡ್ಡೆಗಳು ಮೇಲೇರಿದವು. ನರ್ಸ್ ಅಮ್ಮ ನನ್ನನ್ನು ಎಳೆದು ತನ್ನ ಹಿಂದೆ ನಿಲ್ಲಿಸಿಕೊಂಡಳು. ಅದೆಲ್ಲ ನಿಂತ ಮೇಲೂ ಅಕ್ಕನಿಗೆ ಎಚ್ಚರವಿರಲಿಲ್ಲ.

ಡಾಕ್ಟರು ನನ್ನ ಎತ್ತರಕ್ಕೆ ಬಗ್ಗಿ ಕೇಳಿದರು. "ಅಂಜಬ್ಯಾಡವ್ವಾ. ಬಾವು ಯಾವಾಗಿಂದ ಐತಿ?"

"ಸಂಕ್ರಾಂತಿ ಮುಂಚಿಂದ್ರಿ."

"ತಲಿನೋವು? ವಾಂತಿ? ಮೂತ್ರ ಸರಿ ಆಗ್ತಿತ್ತೇನು?"

ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಆದರೂ ಆಕೆಯ ಪಕ್ಕದಲ್ಲಿ ಮಲಗುತ್ತಿದ್ದ ನನಗೆ ಗೊತ್ತಿದ್ದುದೆಲ್ಲವನ್ನೂ ಹೇಳಿದೆ. ಅವರು ನಡುವೆ ಬಾಯಿ ಹಾಕದೆ, ದೊಡ್ಡವರ ಮಾತು ಕೇಳುವ ಹಾಗೆ ಕೇಳಿದರು. ಆಮೇಲೆ ಕಿಟಕಿಗಳನ್ನೆಲ್ಲ ಮುಚ್ಚಿಸಿ, ಬೆಳಕು ಬಾರದಂತೆ ಕಂಬಳಿ ಇಳಿಬಿಡಿಸಿದರು. ಬೆಳಕು ಬಿದ್ದರೂ, ಸದ್ದಾದರೂ ಮತ್ತೆ ಹಾಗಾಗಬಹುದು ಎಂದು ನರ್ಸ್ ಅಮ್ಮ ನನಗೆ ಪಿಸುಗುಟ್ಟಿ, ಹೊರಗೆ ಕಳಿಸಿದಳು.

ಅಪ್ಪ ಮತ್ತು ನಾನು ಹಜಾರದ ಕಲ್ಲುನೆಲದ ಮೇಲೆ ಕೂತೆವು. ಕಣ್ಣಿನ ಡಾಕ್ಟರಮ್ಮ ನನಗೊಂದು ಬನ್ನು ತರಿಸಿಕೊಟ್ಟರು. ನಾನು ಅದನ್ನು ತಿನ್ನಲಾರದೆ ಹಿಡಿದುಕೊಂಡೇ ಇದ್ದೆ. ಬಹಳ ಹೊತ್ತಿನ ಮೇಲೆ ಅಪ್ಪ ತನ್ನಷ್ಟಕ್ಕೆ ಹೇಳಿಕೊಳ್ಳುವಂತೆ ಹೇಳಿದ.

"ನಿಮ್ಮವ್ವಗೂ ಹಿಂಗ ಮೈ ಬಾತಿತ್ತಂತ. ಆಕಿ ಹೋದ ಮ್ಯಾಲ ನಂಗ ಹೇಳಿದ್ರು."

ಹೊತ್ತು ಮುಳುಗುವ ಮುಂಚೆ ಡಾಕ್ಟರು ಬಾಗಿಲಿಗೆ ಬಂದರು. "ನಿಮ್ಮ ಮಗಳು ಉಳೀತಾಳ" ಎಂದರು. ಆಮೇಲೆ, "ಕೂಸಿನ್ನ ಉಳಸಾಕ ಆಗ್ಲಿಲ್ಲ" ಎಂದರು. ಅಪ್ಪ ಗಂಡೋ ಹೆಣ್ಣೋ ಎಂದು ಕೇಳಿದ. ಹೆಣ್ಣು ಎಂದರು. ಅಪ್ಪ ರುಮಾಲಿನಲ್ಲಿ ಮುಖ ಮುಚ್ಚಿಕೊಂಡ. ನನಗೆ ಅಳು ಬರಲಿಲ್ಲ. ನನ್ನ ಅಂಗೈಗೆ ಒದೆಯುತ್ತಿದ್ದ ಮಗು ಅದು ಎಂದು ಹೊಳೆದದ್ದು ಎಷ್ಟೋ ಹೊತ್ತಿನ ಮೇಲೆ. ಆಮೇಲೆ ಅಳು ನಿಲ್ಲಲಿಲ್ಲ.

ಮರುದಿನ ಸಿರುಗುಪ್ಪದಿಂದ ಭಾವ ಮತ್ತು ಅಕ್ಕನ ಅತ್ತೆ ಬಂದರು. ಅತ್ತೆ ಕೇಳಿದ ಮೊದಲ ಮಾತೇ, ನೋಡಿದ ಡಾಕ್ಟರು ಯಾರು ಎಂದು. "ಗಂಡಸು ಡಾಕ್ಟ್ರು. ನಾನ ಒಪ್ಪಿದೆ" ಎಂದು ಅಪ್ಪ ಮುಖ ಎತ್ತಿಯೇ ಹೇಳಿದ. ಆಕೆ ಆಮೇಲೆ ಬಹಳ ವರ್ಷ ಅಪ್ಪನ ಜೊತೆ ಮಾತಾಡಲಿಲ್ಲ, ನಮ್ಮ ಮನೆಯಲ್ಲಿ ನೀರನ್ನೂ ಮುಟ್ಟಲಿಲ್ಲ. ಭಾವ ಮಾತ್ರ ಡಾಕ್ಟರ ಕೋಣೆಗೆ ಹೋಗಿ ಕೈ ಮುಗಿದು ಬಂದರು. ಮುಂದೆ ಅಕ್ಕ ಮತ್ತೆ ಬಸುರಿಯಾದಾಗ ಅವರೇ ತಿಂಗಳು ತಿಂಗಳು ಬಳ್ಳಾರಿಗೆ ಕರೆತಂದು ತೋರಿಸಿದರು. ಹುಟ್ಟಿದ ಇಬ್ಬರೂ ಗಟ್ಟಿಮುಟ್ಟಾಗಿ ಬೆಳೆದರು. ಆದರೂ ನಿನಗೆಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ ಅಕ್ಕ ಮೂವರು ಎಂದೇ ಹೇಳುತ್ತಿದ್ದಳು.

ಈಗ ನಿಮ್ಮ ಕಾಲ, ಮೊಮ್ಮಕ್ಕಳೇ. ನಿಮಗೊಬ್ಬ ತಮ್ಮನೋ ತಂಗಿಯೋ ಬರುವವರಿದ್ದಾರೆ. ನಿಮ್ಮ ಅಮ್ಮನನ್ನು ನೋಡುವ ಹೆರಿಗೆ ಡಾಕ್ಟರ ಮನೆ ಎಲ್ಲಿದೆ ಎಂದು ಕೇಳಿದರೆ ನೀವು ಫೋನಿನಲ್ಲಿ ದಾರಿಯನ್ನೇ ತೋರಿಸುತ್ತೀರಿ. ಒತ್ತಡ ನೋಡುವ ಪೆಟ್ಟಿಗೆ ನಮ್ಮ ಕಪಾಟಿನಲ್ಲೇ ಇದೆ. ಇವೆಲ್ಲ ದೊಡ್ಡ ಅನುಕೂಲಗಳೇ. ಆದರೆ ನನಗೆ ಎಲ್ಲಕ್ಕಿಂತ ದೊಡ್ಡದು ಅನಿಸಿದ್ದು ಮೊನ್ನೆ ಊಟದ ಹೊತ್ತಿನಲ್ಲಿ ನಡೆದದ್ದು. ನಿಮ್ಮ ಅಮ್ಮ ರೊಟ್ಟಿ ಮುರಿಯುತ್ತಾ, ಬೆಳಿಗ್ಗೆಯಿಂದ ಯಾಕೋ ಕಾಲು ಭಾರ, ತಲೆಯೂ ನೋಯುತ್ತಿದೆ ಎಂದಳು. ನಿಮ್ಮ ತಾತ ಅಲ್ಲೇ ಕೂತಿದ್ದರು, ನಿಮ್ಮ ಅಪ್ಪನೂ ಇದ್ದ. ಅವನು ತಟ್ಟೆ ಸರಿಸಿ ಎದ್ದು ಆ ಪೆಟ್ಟಿಗೆ ತಂದು ಆಕೆಯ ತೋಳಿಗೆ ಪಟ್ಟಿ ಸುತ್ತಿದ. ನೀವು ತಲೆ ಎತ್ತಿ ಸಹ ನೋಡಲಿಲ್ಲ, ಪಲ್ಯ ಇನ್ನಷ್ಟು ಬೇಕೆಂದು ಕೇಳುತ್ತಿದ್ದಿರಿ. ನಾನು ಮಾತ್ರ, ಅವನು ಎಲ್ಲ ಸರಿಯಾಗಿದೆ ಎನ್ನುವವರೆಗೆ, ತುತ್ತನ್ನು ಕೈಯಲ್ಲೇ ಹಿಡಿದುಕೊಂಡು ಕೂತಿದ್ದೆ.