ಡಿಗ್ರಿ ಛತ್ರಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಕಷ್ಟಪಟ್ಟೇ ಮುಗಿಸಿದೆ. ಶಿವಮೊಗ್ಗದಲ್ಲಿ ಕೆಲಸ ಸಿಕ್ಕಿ ಮೊದಲ ಸಂಬಳ ಬಂದಾಗ, ಭದ್ರಾವತಿಯ ನಮ್ಮ ಮನೆ ತಾರಸಿಗೆ ಹೋಟೆಲಿನವರು ಹೊರಗೆ ಇಡುವಂಥ ದೊಡ್ಡ ಛತ್ರಿ, ಅದರಡಿ ಕೂರಲು ಕುರ್ಚಿಗಳನ್ನು ತಂದೆ. ಬಂದವರಿಗೆಲ್ಲ ಅಪ್ಪ ಅದನ್ನು "ಡಿಗ್ರಿ ಛತ್ರಿ" ಎಂದೇ ತೋರಿಸುತ್ತಿದ್ದರು.

ಕಳೆದ ಬೇಸಿಗೆಯ ಒಂದು ಸಂಜೆ ಏಕಾಏಕಿ ಬಿರುಗಾಳಿ ಎದ್ದಿತು. ನಾನು ಕುರ್ಚಿಗಳನ್ನು ಒಳಗೆ ಎಳೆದು ಹಾಕಿ ಬರುವಷ್ಟರಲ್ಲಿ ಛತ್ರಿಯ ಕಂಬ ಕಲ್ಲಿನ ಬುಡದಿಂದ ಕಿತ್ತು ಬಂದಿತ್ತು. ಮಡಚೋಣವೆಂದರೆ ಕೀಲು ತುಕ್ಕು ಹಿಡಿದಿತ್ತು. ಅಪ್ಪ ಕಂಬವನ್ನು ತಬ್ಬಿ ನಿಂತಿದ್ದರು. ಗಾಳಿ ಛತ್ರಿಯ ಜೊತೆ ಅವರನ್ನೂ ತಾರಸಿಯ ಅಂಚಿಗೆ ಎಳೆಯುತ್ತಿತ್ತು. ಅಲ್ಲಿದ್ದದ್ದು ಮೊಣಕಾಲೆತ್ತರದ ಗೋಡೆ ಮಾತ್ರ.

"ಬಿಡಪ್ಪಾ ಅದನ್ನ!" ಎಂದು ಅವರ ಶರ್ಟು ಹಿಡಿದು ಜಗ್ಗಿದೆ.

"ನೀನು ತಂದಿದ್ದು ಕಣೇ, ಹೆಂಗೆ ಬಿಡ್ಲಿ?"

ತರಕಾರಿ ಹೆಚ್ಚುತ್ತಿದ್ದ ಅಮ್ಮ ಚಾಕು ಹಿಡಿದೇ ಓಡಿ ಬಂದಿದ್ದರು. "ರೀ, ಹಾರ್ಕೊಂಡು ಶಿವಮೊಗ್ಗಕ್ಕೆ ಹೋಗ್ತೀರಾ? ಬಸ್ಸಿಲ್ವೇನ್ರೀ!" ಎಂದು ಕೂಗಿದರು.

ಅಪ್ಪನ ಮೊಣಕಾಲು ಗೋಡೆಗೆ ತಾಗಿತು. ನಾನು ಒಂದು ಕೈಯಲ್ಲಿ ಅವರ ಶರ್ಟು ಹಿಡಿದೇ ಇನ್ನೊಂದರಿಂದ ಅಮ್ಮನ ಚಾಕು ಕಿತ್ತುಕೊಂಡು ಛತ್ರಿಯ ಬಟ್ಟೆಯನ್ನು ಪರ್ರನೆ ಸೀಳಿದೆ. ಇನ್ನೊಂದು ಕಡೆಯೂ ಸೀಳಿದೆ. ಗಾಳಿ ಅದರೊಳಗಿಂದ ನುಗ್ಗಿ ಹೋಯಿತು, ಕಂಬದ ಎಳೆತ ನಿಂತಿತು. ಅಪ್ಪ ಕುಸಿದು ಕೂತರು.

"ಡಿಗ್ರೀನ ಹರಿದೇಬಿಟ್ಯಲ್ಲೇ ಮಾರಾಯ್ತಿ!" ಎಂದರು ಅಪ್ಪ.

"ಡಿಗ್ರಿ ನನ್ನ ಹತ್ರ ಭದ್ರವಾಗಿದೆ. ಹರಿದಿದ್ದು ಬರೀ ಬಟ್ಟೆ," ಎಂದೆ.

ಮಾತು ಜೋರಾಗಿಯೇ ಬಂತು. ಆದರೆ ಅವರ ಶರ್ಟು ಹಿಡಿದಿದ್ದ ನನ್ನ ಕೈ ಮಳೆ ಶುರುವಾದರೂ ಸಡಿಲವಾಗಲಿಲ್ಲ.