ಅಪ್ಪನ ಪಾಲು

ಎಂಬತ್ತರ ದಶಕದ ಮೊದಲಲ್ಲಿ, ಮಂಗಳೂರಿನ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಮೇಡಂ ದಾಸವಾಳಕ್ಕೆ ಹತ್ತುವ ಬಿಳಿ ಹಿಟ್ಟುತಿಗಣೆಗಳನ್ನು ಬಟಾಟೆಯ ಮೇಲೆ ಸಾಕುತ್ತಿದ್ದರು. ಅವುಗಳ ಬಣ್ಣ ಹಾಕಿದ ಜೀವಕೋಶವನ್ನು ಸ್ಲೈಡಿನ ಗಾಜಿನಡಿ ಹೆಬ್ಬೆರಳಿನಿಂದ ಒತ್ತುವಾಗ ಉಸಿರು ಹಿಡಿಯುತ್ತಿದ್ದರು. ಬಂದರಿನ ಗಾಳಿಯೂ ಆಗ ಕಿಟಕಿಯಾಚೆ ಕಾಯುತ್ತಿತ್ತೆಂದೇ ನನ್ನ ನೆನಪು.

ಒಮ್ಮೆ ನಾನು, ಕೋಶದೊಳಗೆ ಕಡುಗೆಂಪು ಗಂಟು ಕಂಡ ಸ್ಲೈಡುಗಳನ್ನೆಲ್ಲ ಬಣ್ಣ ಹೆಪ್ಪುಗಟ್ಟಿದೆಯೆಂದು ಕಸದ ಬುಟ್ಟಿಗೆ ಹಾಕಿದೆ. ಮೇಡಂ ಒಂದೊಂದಾಗಿ ಹೆಕ್ಕಿದರು.

"ಕಸ ಅಲ್ಲ ಮಾರಾಯ್ತಿ. ಗಂಡುಹುಳದಲ್ಲಿ ಅಪ್ಪನಿಂದ ಬಂದ ಕ್ರೋಮೋಸೋಮುಗಳು ಹೀಗೆ ಮುದುಡಿ ಕೂತಿರ್ತವೆ. ಉಂಟು, ಮಾತಾಡುವುದಿಲ್ಲ ಅಷ್ಟೆ."

ಕೆಟ್ಟುಹೋದ ಆಫೀಸಿನ ಫೋನಿಗೂ ಅವರು ಅದನ್ನೇ ಹೇಳುತ್ತಿದ್ದರು: "ಉಂಟು, ಮಾತಾಡುವುದಿಲ್ಲ."

ಮದುವೆ ಬೇಡ, ರಿಸರ್ಚ್ ಮಾಡ್ತೇನೆ ಎಂದ ದಿನದಿಂದ ನನ್ನ ಅಪ್ಪ ನನ್ನೊಡನೆ ಮಾತು ಬಿಟ್ಟಿದ್ದರು. ಅದು ಮೇಡಂಗೂ ಗೊತ್ತಿತ್ತು. ಒಂದು ಬೆಳಿಗ್ಗೆ ಮನೆಯ ಬಾಗಿಲಲ್ಲಿ ನನ್ನ ಚಪ್ಪಲಿಯ ಪಕ್ಕ ಪೇಪರಿನ ಪೊಟ್ಟಣವೊಂದು ಇತ್ತು. ಒಳಗೆ ಬಿಳಿ ಹುಳ ಹತ್ತಿದ ದಾಸವಾಳದ ಗೆಲ್ಲು. ಅಂಗಳದ ದಾಸವಾಳದ ಬಳಿ ಅಪ್ಪ ಗೆಲ್ಲು ಕಡಿಯುವ ಕತ್ತಿ ಹಿಡಿದು, ನನಗೆ ಬೆನ್ನು ಹಾಕಿ ನಿಂತಿದ್ದರು.

ಲ್ಯಾಬಿನಲ್ಲಿ ಪೊಟ್ಟಣ ಬಿಚ್ಚಿ, ಯಾರು ಇಟ್ಟದ್ದೆಂದು ಹೇಳಿದೆ. ಮೇಡಂ ಆ ಗೆಲ್ಲನ್ನು ಬಹಳ ಹೊತ್ತು ನೋಡಿದರು.

"ಉಂಟು" ಎಂದರು. ಅಂದು ಅಷ್ಟೇ ಹೇಳಿದರು.